ನಾಯಿಯ ಬಾಯಿ ಕ್ಯಾನ್ಸರ್ ಮನೆಯವರಿಗೆ ಅಂಟುತ್ತದೆಯೇ? ಉತ್ತರ ಇರುವುದು ಪಿ53 ಎಂಬ ಪ್ರೋಟೀನಿನಲ್ಲಿ

‘ನಾಯಿಯ ಬಾಯಲ್ಲಿ ಗಡ್ಡೆ ಕಂಡರೆ ತಕ್ಷಣ ಮನೆಯಿಂದ ದೂರ ಬಿಡಿ, ಅದರ ಜೊಲ್ಲಿನಿಂದ ಮಕ್ಕಳಿಗೆ ಕ್ಯಾನ್ಸರ್ ಬರುತ್ತದೆ.’ ಇಂಥ ಮಾತು ನಿಮ್ಮ ವಾಟ್ಸಾಪ್ ಗುಂಪಿನಲ್ಲೋ ಅರಳಿಕಟ್ಟೆಯ ಮೇಲೋ ಕಿವಿಗೆ ಬಿದ್ದಿರಬಹುದು. ಜೊತೆಗೆ ಬಾಯಿಂದ ರಕ್ತ ಸೋರುವ ನಾಯಿಯ ಒಂದು ಫೋಟೊ ಇದ್ದರಂತೂ ಸಂದೇಶ ಕೈಯಿಂದ ಕೈಗೆ ಹಾರುತ್ತದೆ. ಇದನ್ನು ನಂಬಿದವರು ಹತ್ತು ವರ್ಷ ಮನೆ ಕಾದ ನಾಯಿಯನ್ನು ಗೋಣಿಚೀಲಕ್ಕೆ ತುಂಬಿ ದೂರದ ಊರಿನ ರಸ್ತೆಯಲ್ಲಿ ಬಿಟ್ಟು ಬರುತ್ತಾರೆ.

ಬೆಟ್ಟದಪುರ, ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆ ನಾಯಿ ಇಲ್ಲದ ಹೊಲದ ಮನೆ ಅಪರೂಪ. ಹೊಗೆಸೊಪ್ಪಿನ ಬ್ಯಾರನ್‌ಗೆ ಬೆಂಕಿ ಹಾಕಿ ರಾತ್ರಿಯೆಲ್ಲ ಎದ್ದಿರುವವರ ಪಕ್ಕದಲ್ಲಿ ಒಂದು ನಾಯಿಯೂ ಎದ್ದಿರುತ್ತದೆ. ಆದ್ದರಿಂದ ಈ ಸಂದೇಶ ನಿಜವೇ ಎಂದು ನೋಡುವುದು ನಮಗೆ ಮುಖ್ಯ ಎನಿಸಿತು.

ಚಿಕ್ಕ ಉತ್ತರ ಹೀಗಿದೆ. ನಾಯಿಯ ಬಾಯಿ ಕ್ಯಾನ್ಸರ್ ಮನುಷ್ಯರಿಗೆ ಅಂಟುವುದಿಲ್ಲ. ಜೊಲ್ಲಿನಿಂದಲೂ ಇಲ್ಲ, ನೆಕ್ಕುವುದರಿಂದಲೂ ಇಲ್ಲ, ಒಂದೇ ಅಂಗಳದಲ್ಲಿ ಮಲಗುವುದರಿಂದಲೂ ಇಲ್ಲ. ಆದರೆ ಜೊಲ್ಲು ಸುರಿಸುವ ನಾಯಿಯ ವಿಷಯದಲ್ಲಿ ಹೆದರಬೇಕಾದ ಇನ್ನೊಂದು ರೋಗವಿದೆ, ಆ ಸಂದೇಶಗಳು ಅದರ ಹೆಸರನ್ನೇ ಎತ್ತುವುದಿಲ್ಲ. ಈಗ ಒಂದೊಂದಾಗಿ ನೋಡೋಣ.

ನಾಯಿಯ ಬಾಯಲ್ಲಿ ಬರುವ ಕ್ಯಾನ್ಸರ್ ಯಾವುದು?

ನಾಯಿಗಳ ಬಾಯಲ್ಲಿ ಹೆಚ್ಚಾಗಿ ಕಾಣುವ ಕೆಟ್ಟ ಗಡ್ಡೆಗಳು ಮೂರು. ಮೊದಲನೆಯದು ಮೆಲನೋಮಾ. ಬಣ್ಣ ತಯಾರಿಸುವ ಜೀವಕೋಶಗಳಲ್ಲಿ ಹುಟ್ಟುವ ಈ ಗಡ್ಡೆ ಸಾಮಾನ್ಯವಾಗಿ ಕಪ್ಪಗಿರುತ್ತದೆ. ಆದರೆ ಸುಮಾರು ಮೂರರಲ್ಲಿ ಒಂದು ಗಡ್ಡೆಗೆ ಕಪ್ಪು ಬಣ್ಣವೇ ಇರುವುದಿಲ್ಲ. ‘ಕೆಂಪಗಿದೆ, ಕ್ಯಾನ್ಸರ್ ಅಲ್ಲ’ ಎಂದು ನಾವೇ ತೀರ್ಮಾನಿಸುವಂತಿಲ್ಲ. ಎರಡನೆಯದು ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ, ವಸಡು ಮತ್ತು ಬಾಯಿಯ ಒಳಪೊರೆಯಲ್ಲಿ ಹುಟ್ಟುವಂಥದ್ದು. ಎಲೆ ಅಡಿಕೆ, ತಂಬಾಕು ಅಗಿಯುವ ಮನುಷ್ಯರ ಬಾಯಲ್ಲಿ ಬರುವ ಕ್ಯಾನ್ಸರ್ ಕೂಡ ಬಹುಪಾಲು ಇದೇ ಜಾತಿಯದು. ಮೂರನೆಯದು ಫೈಬ್ರೊಸಾರ್ಕೋಮಾ, ಅಂಗಾಂಶಗಳನ್ನು ಹಿಡಿದಿಡುವ ನಾರಿನಂಥ ಭಾಗದಲ್ಲಿ ಬರುವ ಗಡ್ಡೆ.

ಇವು ಹೆಚ್ಚಾಗಿ ವಯಸ್ಸಾದ ನಾಯಿಗಳಲ್ಲಿ ಕಾಣಿಸುತ್ತವೆ. ಜಾತಿ ನಾಯಿಗಳಿಗೂ ಬರುತ್ತವೆ, ನಮ್ಮ ಬೀದಿಯ ಕಂತ್ರಿ ನಾಯಿಗೂ ಬರಬಹುದು.

ಪಿ53: ಕಾವಲು ನಾಯಿಯ ಒಳಗಿನ ಕಾವಲುಗಾರ

ನಾಯಿಯ ದೇಹವಿರಲಿ ನಮ್ಮ ದೇಹವಿರಲಿ, ಜೀವಕೋಶಗಳು ದಿನವೂ ಒಡೆದು ಎರಡಾಗುತ್ತಿರುತ್ತವೆ. ಒಡೆಯುವ ಮುನ್ನ ಪ್ರತಿ ಜೀವಕೋಶವೂ ತನ್ನ ಡಿಎನ್‌ಎಯನ್ನು ನಕಲು ಮಾಡಿಕೊಳ್ಳಬೇಕು. ಡಿಎನ್‌ಎ ಎಂದರೆ ದೇಹ ಕಟ್ಟುವ ಸೂಚನೆಗಳ ಪುಸ್ತಕ. ಇಷ್ಟು ದೊಡ್ಡ ಪುಸ್ತಕವನ್ನು ಮತ್ತೆ ಮತ್ತೆ ನಕಲು ಮಾಡುವಾಗ ತಪ್ಪುಗಳು ಆಗಿಯೇ ಆಗುತ್ತವೆ. ಬಿಸಿಲು, ಹೊಗೆ, ಕೆಲವು ರಾಸಾಯನಿಕಗಳು, ಮಾಯದೆ ಉಳಿದ ಉರಿಯೂತ ಇವೆಲ್ಲ ಆ ತಪ್ಪುಗಳನ್ನು ಹೆಚ್ಚಿಸುತ್ತವೆ.

ತಪ್ಪಿರುವ ಜೀವಕೋಶವನ್ನು ಮುಂದೆ ಹೋಗಲು ಬಿಡಬಾರದು. ಈ ಕಾವಲು ಕೆಲಸ ಮಾಡುವ ಪ್ರೋಟೀನುಗಳಲ್ಲಿ ಮುಖ್ಯವಾದದ್ದು ಪಿ53. ಇದನ್ನು 1979ರಲ್ಲಿ ಕೆಲವು ಸಂಶೋಧಕರ ತಂಡಗಳು ಬೇರೆ ಬೇರೆಯಾಗಿ ಗುರುತಿಸಿದವು. ಪ್ರಯೋಗಾಲಯದಲ್ಲಿ ಅಳೆದಾಗ ಅದರ ತೂಕ 53 ಕಿಲೋಡಾಲ್ಟನ್ ಎಂದು ಕಂಡಿದ್ದರಿಂದ ಈ ಹೆಸರು ಬಂತು. ಮೊದಲ ಹತ್ತು ವರ್ಷ ವಿಜ್ಞಾನಿಗಳೇ ಇದನ್ನು ಕ್ಯಾನ್ಸರ್ ತರುವ ಪ್ರೋಟೀನ್ ಎಂದು ತಿಳಿದಿದ್ದರು. ಇದು ಕ್ಯಾನ್ಸರ್ ತಡೆಯುವ ಪ್ರೋಟೀನ್, ಕೆಟ್ಟಾಗ ಮಾತ್ರ ಅಪಾಯ ಎಂಬುದು 1989ರ ಹೊತ್ತಿಗೆ ಸ್ಪಷ್ಟವಾಯಿತು. 1992ರಲ್ಲಿ ಬ್ರಿಟನ್ನಿನ ವಿಜ್ಞಾನಿ ಡೇವಿಡ್ ಲೇನ್ ಇದನ್ನು ವಂಶವಾಹಿಗಳ ಕಾವಲುಗಾರ ಎಂದು ಕರೆದರು. ಆ ಹೆಸರು ಇಂದಿಗೂ ಉಳಿದಿದೆ.

ಪಿ53 ಕೆಲಸ ಮಾಡುವುದು ಹೀಗೆ. ಎಲ್ಲವೂ ಸರಿ ಇರುವಾಗ ಜೀವಕೋಶದಲ್ಲಿ ಇದು ಬಹಳ ಕಡಿಮೆ ಇರುತ್ತದೆ. ತಯಾರಾದ ಸ್ವಲ್ಪ ಹೊತ್ತಿನಲ್ಲೇ ಎಂಡಿಎಂ2 ಎಂಬ ಇನ್ನೊಂದು ಪ್ರೋಟೀನ್ ಇದನ್ನು ಹಿಡಿದು ನಾಶಕ್ಕೆ ಕಳಿಸುತ್ತದೆ. ಡಿಎನ್‌ಎಗೆ ಪೆಟ್ಟಾದಾಗ ಆ ಹಿಡಿತ ಸಡಿಲವಾಗಿ ಪಿ53 ಜಮಾ ಆಗುತ್ತದೆ. ಆಗ ಅದು ಮೊದಲು ಜೀವಕೋಶ ಒಡೆಯುವುದನ್ನು ನಿಲ್ಲಿಸುತ್ತದೆ, ನಂತರ ಡಿಎನ್‌ಎ ರಿಪೇರಿಗೆ ಸಮಯ ಕೊಡುತ್ತದೆ. ರಿಪೇರಿ ಸಾಧ್ಯವೇ ಇಲ್ಲ ಎಂದಾದರೆ ಆ ಜೀವಕೋಶ ತಾನಾಗಿಯೇ ಸಾಯುವಂತೆ ಮಾಡುತ್ತದೆ. ಪೈರಿನ ನಡುವೆ ಕಳೆ ಕಂಡ ಕೂಡಲೇ ಬೇರು ಸಮೇತ ಕಿತ್ತಂತೆ.

ಕಾವಲು ತಪ್ಪುವುದು ಹೇಗೆ?

ಪಿ53 ತಯಾರಿಸುವ ಸೂಚನೆ ಕೂಡ ಅದೇ ಡಿಎನ್‌ಎ ಪುಸ್ತಕದ ಒಂದು ಪುಟದಲ್ಲಿದೆ. ಆ ಪುಟದಲ್ಲೇ ತಪ್ಪಾದರೆ ಕಾವಲುಗಾರನೇ ಕುರುಡನಾಗುತ್ತಾನೆ. ಮುಂದೆ ಆಗುವ ತಪ್ಪುಗಳನ್ನು ತಡೆಯುವವರು ಇರುವುದಿಲ್ಲ. ಕೆಟ್ಟ ಜೀವಕೋಶ ಒಂದರಿಂದ ಎರಡು, ಎರಡರಿಂದ ನಾಲ್ಕು ಎಂದು ಬೆಳೆಯುತ್ತಾ ಗಡ್ಡೆಯಾಗುತ್ತದೆ. ಮನುಷ್ಯರ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಪಿ53 ಜೀನ್ ಕೆಟ್ಟಿರುತ್ತದೆ. ಬಾಯಿ ಕ್ಯಾನ್ಸರ್‌ನಲ್ಲಿ ಹೆಚ್ಚು ಸಲ ಕೆಟ್ಟಿರುವುದು ಇದೇ ಜೀನ್.

ಇನ್ನೊಂದು ಸಂಗತಿ ಇದೆ. ಪಿ53 ಒಂಟಿಯಾಗಿ ಕೆಲಸ ಮಾಡುವುದಿಲ್ಲ, ನಾಲ್ಕು ಅಣುಗಳು ಜೊತೆಗೂಡಬೇಕು. ಜಾತ್ರೆಯಲ್ಲಿ ನಾಲ್ವರು ಹೊತ್ತ ಪಲ್ಲಕ್ಕಿಯಂತೆ. ನಾಲ್ವರಲ್ಲಿ ಒಬ್ಬ ಎಡವಿದರೂ ಪಲ್ಲಕ್ಕಿ ವಾಲುತ್ತದೆ. ಹಾಗೆಯೇ ಕೆಟ್ಟ ಪಿ53 ಅಣು ಗುಂಪಿನಲ್ಲಿ ಸೇರಿಕೊಂಡರೆ ಪಕ್ಕದ ಒಳ್ಳೆಯ ಅಣುಗಳ ಕೆಲಸವನ್ನೂ ಕೆಡಿಸುತ್ತದೆ.

ನಾಯಿಯ ಬಾಯಲ್ಲಿ ಕಂಡದ್ದೇನು?

ನಾಯಿಯ ಪಿ53 ನಮ್ಮ ಪಿ53ಗೆ ಬಹಳ ಹತ್ತಿರದ್ದು, ಕೆಲಸವೂ ಒಂದೇ. ನಾಯಿಗಳ ಬಾಯಿಯ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾ ಗಡ್ಡೆಗಳನ್ನು ಪರೀಕ್ಷಿಸಿದಾಗ ಹಲವು ಗಡ್ಡೆಗಳಲ್ಲಿ ಪಿ53 ಅಸಹಜವಾಗಿ ಜಮಾ ಆಗಿರುವುದು ಕಂಡಿದೆ. ‘ಕಾವಲುಗಾರ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ಲವೇ?’ ಎಂದು ನೀವು ಕೇಳಬಹುದು. ಕೆಟ್ಟ ಪಿ53 ಸುಲಭವಾಗಿ ನಾಶವಾಗುವುದಿಲ್ಲ, ಅದಕ್ಕೇ ಜಮಾ ಆಗುತ್ತದೆ. ಜಾಗ ಹಿಡಿದು ಕೂತಿರುತ್ತದೆ, ಕೆಲಸ ಮಾಡುವುದಿಲ್ಲ.

ಬಾಯಿಯ ಮೆಲನೋಮಾದಲ್ಲಿ ದಾರಿ ಸ್ವಲ್ಪ ಬೇರೆ. ಕೆಲವು ಗಡ್ಡೆಗಳಲ್ಲಿ ಪಿ53 ಜೀನೇ ಕೆಟ್ಟಿರುತ್ತದೆ. ಇನ್ನು ಕೆಲವುಗಳಲ್ಲಿ ಪಿ53 ಸರಿಯಾಗಿದ್ದರೂ ಅದನ್ನು ನಾಶ ಮಾಡುವ ಎಂಡಿಎಂ2 ಜೀನಿನ ಪ್ರತಿಗಳು ಅಗತ್ಯಕ್ಕಿಂತ ಹೆಚ್ಚಾಗಿರುತ್ತವೆ. ಕಾವಲುಗಾರ ಗಟ್ಟಿಯಾಗಿಯೇ ಇದ್ದಾನೆ, ಆದರೆ ಅವನನ್ನು ಎಳೆದೊಯ್ಯುವವರು ಜಾಸ್ತಿಯಾಗಿದ್ದಾರೆ. ಎರಡರ ಫಲವೂ ಒಂದೇ. ಎಲ್ಲ ಗಡ್ಡೆಗೂ ಪಿ53 ಒಂದೇ ಕಾರಣವಲ್ಲ, ಬೇರೆ ಜೀನುಗಳೂ ಕೆಟ್ಟಿರುತ್ತವೆ.

ನಮ್ಮ ಮೊದಲ ಪ್ರಶ್ನೆಗೆ ಉತ್ತರ ಸಿಗುವುದು ಇಲ್ಲೇ. ಕ್ಯಾನ್ಸರ್ ಎಂದರೆ ಹೊರಗಿನಿಂದ ಬಂದ ಕ್ರಿಮಿಯಲ್ಲ. ಆ ನಾಯಿಯದೇ ಜೀವಕೋಶ, ಅದರದೇ ಡಿಎನ್‌ಎಯಲ್ಲಿ ಆದ ತಪ್ಪು. ಈ ತಪ್ಪು ಜೊಲ್ಲಿನಲ್ಲಿ ಹರಿದು ನಿಮ್ಮ ಡಿಎನ್‌ಎಗೆ ಸೇರಲು ದಾರಿಯೇ ಇಲ್ಲ. ನಾಯಿಯ ಕ್ಯಾನ್ಸರ್ ಜೀವಕೋಶವೇ ನಿಮ್ಮ ಕೈಗೆ ತಾಗಿದರೂ ಅದು ಅಲ್ಲಿ ಬೇರು ಬಿಡಲಾರದು. ಪರಕೀಯ ಜೀವಕೋಶವನ್ನು ನಮ್ಮ ದೇಹದ ರಕ್ಷಣಾ ವ್ಯವಸ್ಥೆ ಗುರುತಿಸಿ ಕೊಲ್ಲುತ್ತದೆ.

ಸಂದೇಶದಲ್ಲಿ ಒಂದು ಎಳೆ ಸತ್ಯವಿದೆ

ನಾಯಿಯಿಂದ ನಾಯಿಗೆ ಹರಡುವ ಕ್ಯಾನ್ಸರ್ ಒಂದು ನಿಜವಾಗಿಯೂ ಇದೆ. ಟಿವಿಟಿ ಎಂದು ಕರೆಯುವ ಇದು ಸಾಮಾನ್ಯವಾಗಿ ನಾಯಿಗಳ ಜನನಾಂಗದಲ್ಲಿ ಬರುತ್ತದೆ, ಬೆದೆಯ ಕಾಲದಲ್ಲಿ ಕೂಡುವಾಗ ಹರಡುತ್ತದೆ. ನೆಕ್ಕುವುದು, ಮೂಸುವುದರಿಂದ ಮೂಗು ಮತ್ತು ಬಾಯಿಗೂ ಬರಬಹುದು. ಇಲ್ಲಿ ಜೀವಂತ ಕ್ಯಾನ್ಸರ್ ಜೀವಕೋಶಗಳೇ ಒಂದು ನಾಯಿಯಿಂದ ಇನ್ನೊಂದಕ್ಕೆ ದಾಟುತ್ತವೆ. ಸಾವಿರಾರು ವರ್ಷಗಳ ಹಿಂದೆ ಬದುಕಿದ್ದ ಒಂದೇ ಒಂದು ನಾಯಿಯಲ್ಲಿ ಹುಟ್ಟಿದ ಗಡ್ಡೆಯ ಜೀವಕೋಶಗಳು ಇಂದಿಗೂ ಜಗತ್ತಿನ ನಾಯಿಗಳಲ್ಲಿ ಮುಂದುವರಿಯುತ್ತಿವೆ. ಭಾರತದ ಬೀದಿ ನಾಯಿಗಳಲ್ಲೂ ಇದು ಸಾಮಾನ್ಯ. ಆದರೆ ಇದು ಕೂಡ ಮನುಷ್ಯರಿಗೆ ಬರುವುದಿಲ್ಲ. ವಿನ್‌ಕ್ರಿಸ್ಟಿನ್ ಎಂಬ ಚುಚ್ಚುಮದ್ದನ್ನು ವಾರಕ್ಕೊಮ್ಮೆಯಂತೆ ಕೆಲವು ವಾರ ಕೊಟ್ಟರೆ ಬಹುಪಾಲು ನಾಯಿಗಳು ಪೂರ್ತಿ ಗುಣವಾಗುತ್ತವೆ.

ಇನ್ನೊಂದು ಗೊಂದಲ ಮರಿಗಳ ವಿಷಯದ್ದು. ಮರಿಗಳ ತುಟಿ, ನಾಲಿಗೆಯ ಮೇಲೆ ಹೂಕೋಸಿನಂಥ ಚಿಕ್ಕ ಚಿಕ್ಕ ಗಂಟುಗಳು ಗೊಂಚಲಾಗಿ ಬರುವುದುಂಟು. ಇವು ನಾಯಿಗಳ ಪ್ಯಾಪಿಲೋಮಾ ವೈರಸ್‌ನಿಂದ ಬರುವ ನರಹುಲಿಗಳು. ಮರಿಯಿಂದ ಮರಿಗೆ ಅಂಟುತ್ತವೆ, ಆದರೆ ಮನುಷ್ಯರಿಗಲ್ಲ. ಹೆಚ್ಚಿನವು ಒಂದೆರಡು ತಿಂಗಳಲ್ಲಿ ತಾವಾಗಿಯೇ ಉದುರಿ ಹೋಗುತ್ತವೆ. ಇದನ್ನು ಕ್ಯಾನ್ಸರ್ ಎಂದುಕೊಂಡು ಮರಿಯನ್ನು ಬೀದಿಗೆ ಬಿಡಬೇಡಿ. ಹಾಗೆಯೇ ಹುಟ್ಟಿನಿಂದಲೂ ವಸಡು ಕಪ್ಪಗಿರುವ ನಾಯಿಗಳು ಎಷ್ಟೋ ಇವೆ. ಸಮತಟ್ಟಾದ ಕಪ್ಪು ಬಣ್ಣ ರೋಗವಲ್ಲ. ಉಬ್ಬಿದ, ಬೆಳೆಯುತ್ತಿರುವ, ರಕ್ತ ಬರುವ ಜಾಗ ಕಂಡರೆ ತೋರಿಸಬೇಕು.

ಜೊಲ್ಲಿನ ನಿಜವಾದ ಭಯ: ರೇಬೀಸ್

ಇದೊಂದು ಭಾಗವನ್ನು ಮಾತ್ರ ದಯವಿಟ್ಟು ಎರಡು ಸಲ ಓದಿ. ಜೊಲ್ಲು ಸುರಿಸುವ, ನುಂಗಲಾಗದ, ಬಾಯಿ ತೆರೆದೇ ಇರುವ ನಾಯಿಗೆ ಬಾಯಿ ಕ್ಯಾನ್ಸರ್ ಇರಬಹುದು, ಹಲ್ಲಿನ ತೊಂದರೆ ಇರಬಹುದು, ಮೂಳೆ ಸಿಕ್ಕಿರಬಹುದು. ಆದರೆ ಅದು ಹುಚ್ಚುನಾಯಿ ರೋಗ, ಅಂದರೆ ರೇಬೀಸ್ ಕೂಡ ಆಗಿರಬಹುದು. ರೇಬೀಸ್ ಬಂದ ನಾಯಿ ಯಾವಾಗಲೂ ಕಚ್ಚಲು ಓಡಿ ಬರುತ್ತದೆ ಎಂದೇನಿಲ್ಲ. ಒಂದು ಬಗೆಯಲ್ಲಿ ನಾಯಿ ಮಂಕಾಗಿ ಮೂಲೆ ಸೇರುತ್ತದೆ, ಕೆಳದವಡೆ ಜೋತು ಬೀಳುತ್ತದೆ, ಬೊಗಳುವ ದನಿ ಬದಲಾಗುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿದೆ ಎಂದುಕೊಂಡು ಮನೆಯವರು ಬಾಯೊಳಗೆ ಕೈ ಹಾಕುತ್ತಾರೆ. ಅಪಾಯ ಇರುವುದು ಅಲ್ಲೇ.

ಎರಡಕ್ಕೂ ವ್ಯತ್ಯಾಸ ತಿಳಿಯಲು ಕಾಲವೇ ಒಂದು ಸುಳಿವು. ಕ್ಯಾನ್ಸರ್ ಗಡ್ಡೆ ವಾರ, ತಿಂಗಳುಗಟ್ಟಲೆ ಬೆಳೆಯುತ್ತದೆ. ರೇಬೀಸ್ ಲಕ್ಷಣ ಕಂಡ ನಾಯಿ ಸಾಮಾನ್ಯವಾಗಿ 10 ದಿನದೊಳಗೆ ಸಾಯುತ್ತದೆ. ಆದರೆ ಈ ಸುಳಿವನ್ನು ನಂಬಿ ನೀವೇ ಬಾಯಿ ತೆರೆದು ನೋಡಬೇಡಿ. ಸ್ವಭಾವ ಏಕಾಏಕಿ ಬದಲಾದ, ಲಸಿಕೆ ಹಾಕಿಸದ ನಾಯಿಯ ಬಾಯಿಗೆ ಕೈ ಹಾಕಲೇಬಾರದು. ನಾಯಿಯನ್ನು ಒಂದು ಕಡೆ ಕೂಡಿ ಹಾಕಿ ಪಶುವೈದ್ಯರನ್ನು ಕರೆಸಿ. ಕಚ್ಚಿದ್ದರೆ, ಗೀರಿದ್ದರೆ, ಗಾಯವಿರುವ ಚರ್ಮಕ್ಕೋ ಕಣ್ಣು ಬಾಯಿಗೋ ಜೊಲ್ಲು ತಾಗಿದ್ದರೆ ಆ ಜಾಗವನ್ನು ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಚರ್ಮದ ಮೇಲಿನ ಗಾಯವನ್ನು ಸೋಪು ಹಚ್ಚಿ 15 ನಿಮಿಷ ತೊಳೆಯಬೇಕು. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ. ಸುಣ್ಣ, ಮೆಣಸಿನಪುಡಿ, ಮಂತ್ರ ಯಾವುದೂ ಇದಕ್ಕೆ ಬದಲಿಯಲ್ಲ. ಲಕ್ಷಣ ಶುರುವಾದ ಮೇಲೆ ರೇಬೀಸ್‌ಗೆ ಮದ್ದಿಲ್ಲ.

ಹೊಗೆಸೊಪ್ಪಿನ ನಾಡಿನ ಪ್ರಶ್ನೆ

‘ನಾಯಿ ತಂಬಾಕು ಹಾಕುವುದಿಲ್ಲ, ಬೀಡಿ ಸೇದುವುದಿಲ್ಲ, ಅದಕ್ಕೇಕೆ ಬಾಯಿ ಕ್ಯಾನ್ಸರ್?’ ಎಂದು ಕೇಳುವವರಿದ್ದಾರೆ. ಇದರಿಂದ ‘ಹಾಗಾದರೆ ತಂಬಾಕಿಗೂ ಕ್ಯಾನ್ಸರ್‌ಗೂ ಸಂಬಂಧವಿಲ್ಲ’ ಎಂದು ತೀರ್ಮಾನಿಸುವವರೂ ಇದ್ದಾರೆ. ಇದು ತಪ್ಪು ಲೆಕ್ಕ. ತಪ್ಪುಗಳು ವಯಸ್ಸಾದಂತೆ ತಾವಾಗಿಯೂ ಸೇರಿಕೊಳ್ಳುತ್ತವೆ, ತಂಬಾಕು ಅವುಗಳನ್ನು ಹಲವು ಪಟ್ಟು ಬೇಗ ಸೇರಿಸುತ್ತದೆ. ಹೊಗೆಯಲ್ಲಿರುವ ಬೆಂಜೊಪೈರೀನ್ ಎಂಬ ರಾಸಾಯನಿಕ ಪಿ53 ಜೀನಿನ ಕೆಲವು ನಿರ್ದಿಷ್ಟ ಜಾಗಗಳಿಗೇ ಹೋಗಿ ಅಂಟಿಕೊಳ್ಳುತ್ತದೆ ಎಂದು 1996ರಲ್ಲೇ ತೋರಿಸಲಾಗಿದೆ. ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಆ ಜೀನ್ ಹೆಚ್ಚಾಗಿ ಕೆಟ್ಟಿರುವುದೂ ಅದೇ ಜಾಗಗಳಲ್ಲಿ.

ಮನೆಯೊಳಗೆ ಸೇದಿದ ಹೊಗೆ ಸಾಕುಪ್ರಾಣಿಗಳ ಮೈಕೂದಲ ಮೇಲೂ ಕೂರುತ್ತದೆ, ಅವು ಮೈ ನೆಕ್ಕಿಕೊಂಡಾಗ ಬಾಯಿಗೆ ಹೋಗುತ್ತದೆ. ನಾಯಿಗಾಗಿ ಅಲ್ಲದಿದ್ದರೂ ನಿಮಗಾಗಿ ಬಿಡಿ. ನಿಮ್ಮ ಬಾಯಲ್ಲೇ ಎರಡು ಮೂರು ವಾರ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ ಇದ್ದರೆ ನಾಯಿಯನ್ನು ದೂರಬೇಡಿ, ವೈದ್ಯರಿಗೆ ತೋರಿಸಿ.

ನಾಗರಹೊಳೆಯ ಆನೆ ಕಲಿಸುವ ಪಾಠ

ಪಿ53 ಎಷ್ಟು ಮುಖ್ಯ ಎಂದು ತಿಳಿಯಲು ಹುಣಸೂರು, ಎಚ್.ಡಿ. ಕೋಟೆಯ ಕಾಡಂಚಿನ ಜನಕ್ಕೆ ದಿನವೂ ಕಾಣುವ ಪ್ರಾಣಿಯೇ ಸಾಕು. ಆನೆಯ ದೇಹದಲ್ಲಿ ನಮಗಿಂತ ಎಷ್ಟೋ ಪಟ್ಟು ಹೆಚ್ಚು ಜೀವಕೋಶಗಳಿವೆ, ಅದು ಬದುಕುವುದೂ ದೀರ್ಘಕಾಲ. ಲೆಕ್ಕದ ಪ್ರಕಾರ ಆನೆಗಳಿಗೆ ಕ್ಯಾನ್ಸರ್ ಹೆಚ್ಚು ಬರಬೇಕಿತ್ತು, ಆದರೆ ಬರುವುದು ಕಡಿಮೆ. 2015ರಲ್ಲಿ ಪ್ರಕಟವಾದ ಸಂಶೋಧನೆ ಇದಕ್ಕೆ ಒಂದು ಕಾರಣ ಕೊಟ್ಟಿತು. ತಂದೆಯಿಂದ ಒಂದು, ತಾಯಿಯಿಂದ ಒಂದು ಎಂದು ಮನುಷ್ಯರಿಗೂ ನಾಯಿಗಳಿಗೂ ಪಿ53 ಜೀನಿನ ಒಂದೇ ಜೋಡಿ ಇದೆ. ಆನೆಗಳಲ್ಲಿ ಅಂಥ ಸುಮಾರು 20 ಜೋಡಿಗಳಿವೆ. ಪೆಟ್ಟು ತಿಂದ ಜೀವಕೋಶವನ್ನು ಆನೆಯ ದೇಹ ಬೇಗ ಕೊಂದುಬಿಡುತ್ತದೆ. ಹಾಗೆಂದು ಆನೆಯ ಲದ್ದಿ, ಬಾಲದ ಕೂದಲು ಕ್ಯಾನ್ಸರ್ ತಡೆಯುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಜೀನ್ ಹಾಗೆ ದಾಟುವುದಿಲ್ಲ.

ಅರಿಶಿನ, ಲಕ್ಷ್ಮಣಫಲ, ಪಿ53 ಪುಡಿ

ಅರಿಶಿನದಲ್ಲಿರುವ ಕರ್ಕ್ಯುಮಿನ್ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳ ಮೇಲೆ ಪರಿಣಾಮ ತೋರಿಸಿರುವುದು ನಿಜ. ಆದರೆ ತಿಂದಾಗ ಅದು ರಕ್ತಕ್ಕೆ ಸೇರುವುದು ಬಹಳ ಕಡಿಮೆ. ಗಡ್ಡೆಗೆ ಅರಿಶಿನ ಮೆತ್ತಿ ಎರಡು ತಿಂಗಳು ಕಾದರೆ ನಷ್ಟವಾಗುವುದು ಆ ಎರಡು ತಿಂಗಳು. ಲಕ್ಷ್ಮಣಫಲ ಕೀಮೋಗಿಂತ ಸಾವಿರಾರು ಪಟ್ಟು ಶಕ್ತಿಶಾಲಿ ಎಂಬ ಹಳೆಯ ಸಂದೇಶಕ್ಕೂ ಇದೇ ಉತ್ತರ: ಮನುಷ್ಯರಲ್ಲೂ ನಾಯಿಗಳಲ್ಲೂ ಅದು ಸಾಬೀತಾಗಿಲ್ಲ. ಪಿ53 ಹೆಚ್ಚಿಸುತ್ತೇವೆ ಎಂದು ಪುಡಿ, ಡ್ರಾಪ್ಸ್ ಮಾರುವವರು ಬಂದರೆ ಒಂದು ಮಾತು ನೆನಪಿಡಿ. ಪಿ53 ತಯಾರಾಗುವುದು ಜೀವಕೋಶದ ಒಳಗೆ. ತಿಂದ ಪ್ರೋಟೀನ್ ಯಾವುದೇ ಇರಲಿ, ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುತ್ತದೆ.

ನೋವಿಗೆಂದು ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೊಫೆನಾಕ್, ಪ್ಯಾರಾಸಿಟಮಾಲ್ ಮಾತ್ರೆಗಳನ್ನು ನಾಯಿಗೆ ಕೊಡಬೇಡಿ. ಇವುಗಳಿಂದ ಹೊಟ್ಟೆಯಲ್ಲಿ ರಕ್ತಸ್ರಾವ, ಮೂತ್ರಪಿಂಡ ಅಥವಾ ಯಕೃತ್ತಿಗೆ ಹಾನಿ ಆಗಬಹುದು.

ಹಾಗಾದರೆ ಏನು ಮಾಡಬೇಕು?

ಆರೋಗ್ಯವಾಗಿರುವ, ಲಸಿಕೆ ಹಾಕಿಸಿರುವ ನಿಮ್ಮ ನಾಯಿಯ ತುಟಿ ಎತ್ತಿ ತಿಂಗಳಿಗೊಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಏಳೆಂಟು ವರ್ಷ ದಾಟಿದ ನಾಯಿಗೆ ಇದು ಹೆಚ್ಚು ಮುಖ್ಯ. ಗಮನಿಸಬೇಕಾದವು ಇವು:

• ವಸಡು, ನಾಲಿಗೆ, ಅಂಗಳದಲ್ಲಿ ಹೊಸ ಗಂಟು ಅಥವಾ ಮಾಯದ ಹುಣ್ಣು
• ಇದ್ದಕ್ಕಿದ್ದಂತೆ ಹೆಚ್ಚಾದ ಬಾಯಿ ವಾಸನೆ, ಜೊಲ್ಲಿನಲ್ಲಿ ರಕ್ತ
• ಒಂದೇ ಕಡೆ ಅಗಿಯುವುದು, ಮುದ್ದೆಯನ್ನು ಬಾಯಿಗೆ ಹಾಕಿಕೊಂಡು ಬೀಳಿಸುವುದು
• ಒಂದೇ ಜಾಗದಲ್ಲಿ ಹಲ್ಲು ಅಲುಗಾಡುವುದು, ಮುಖದ ಒಂದು ಪಕ್ಕ ಊದುವುದು
• ದವಡೆಯ ಕೆಳಗೆ ಗಂಟು

ಇವುಗಳಲ್ಲಿ ಒಂದು ಕಂಡರೂ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆಗೆ ತೋರಿಸಿ. ಪಶುಗಳ ಸಹಾಯವಾಣಿ 1962ಕ್ಕೂ ಕರೆ ಮಾಡಬಹುದು. ಹೆಚ್ಚಿನ ಪರೀಕ್ಷೆ ಬೇಕಾದರೆ ಹಾಸನ ಅಥವಾ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಕಳಿಸಬಹುದೇ ಎಂದು ವೈದ್ಯರನ್ನು ಕೇಳಿ. ಕ್ಯಾನ್ಸರ್ ಹೌದೋ ಅಲ್ಲವೋ ಎಂದು ತಿಳಿಯಲು ಗಡ್ಡೆಯ ಚಿಕ್ಕ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಇದನ್ನೇ ಬಯಾಪ್ಸಿ ಎನ್ನುವುದು. ತುಣುಕು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂದು ಹೆದರಿ ಬಯಾಪ್ಸಿ ಬೇಡ ಎನ್ನಬೇಡಿ.

ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ. ಕೆಲವೊಮ್ಮೆ ದವಡೆಯ ಒಂದು ಭಾಗವನ್ನೇ ತೆಗೆಯಬೇಕಾಗುತ್ತದೆ. ಕೇಳಲು ಭಯಾನಕವಾದರೂ ಹೆಚ್ಚಿನ ನಾಯಿಗಳು ಕೆಲವೇ ದಿನಗಳಲ್ಲಿ ಮೆತ್ತಗಿನ ಊಟ ತಿನ್ನಲು ಕಲಿಯುತ್ತವೆ. ಬೇಗ ತೋರಿಸುವುದರಿಂದ ಏನು ಲಾಭ ಎಂಬುದಕ್ಕೆ ಮೆಲನೋಮಾದ ಲೆಕ್ಕ ನೋಡಿ. ಗಡ್ಡೆ 2 ಸೆಂಟಿಮೀಟರ್‌ಗಿಂತ ಚಿಕ್ಕದಿರುವಾಗ ತೆಗೆದರೆ ನಾಯಿಗಳು ಸರಾಸರಿ ಒಂದೂವರೆ ವರ್ಷದ ಆಸುಪಾಸು ಬದುಕುತ್ತವೆ. 4 ಸೆಂಟಿಮೀಟರ್ ದಾಟಿದ ಮೇಲೆ ತೆಗೆದರೆ ಅದು ಸುಮಾರು ಮೂರು ತಿಂಗಳಿಗೆ ಇಳಿಯುತ್ತದೆ. ಬಾಯಿಯ ಮುಂಭಾಗದಲ್ಲಿ ಬಂದ ಸ್ಕ್ವಾಮಸ್ ಸೆಲ್ ಕಾರ್ಸಿನೋಮಾವನ್ನು ಬೇಗ, ಪೂರ್ತಿ ತೆಗೆದರೆ ಫಲಿತಾಂಶ ಇದಕ್ಕಿಂತ ಚೆನ್ನಾಗಿರುತ್ತದೆ. ಚಿಕಿತ್ಸೆ ಸಾಧ್ಯವಿಲ್ಲದ ಹಂತವಾದರೂ ನೋವು ಕಡಿಮೆ ಮಾಡುವ ಔಷಧಿ ವೈದ್ಯರ ಬಳಿ ಇದೆ. ನಾಯಿ ಕೊನೆಯ ದಿನಗಳನ್ನು ನಿಮ್ಮ ಅಂಗಳದಲ್ಲೇ ಕಳೆಯಬಹುದು.

ಒಟ್ಟಿನಲ್ಲಿ

ನಾಯಿಯ ಬಾಯಿ ಕ್ಯಾನ್ಸರ್ ಮನೆಯವರಿಗೆ ಅಂಟುತ್ತದೆ ಎಂಬ ಸಂದೇಶ ಸುಳ್ಳು. ಅದು ನಾಯಿಯ ಒಳಗಿನ ಪಿ53ರಂಥ ಕಾವಲುಗಾರರು ಸೋತಾಗ ಬರುವ ರೋಗ. ಅಂಟುವ ಭಯವಿರುವುದು ರೇಬೀಸ್‌ನದು, ಅದಕ್ಕೆ ನಾಯಿಗೆ ವರ್ಷಕ್ಕೊಮ್ಮೆ ತಪ್ಪದೆ ಲಸಿಕೆ ಹಾಕಿಸಿ. ಮುಂದಿನ ಸಲ ನಿಮ್ಮ ಗುಂಪಿನಲ್ಲಿ ಆ ಫೋಟೊ ಬಂದರೆ ಅದನ್ನು ಮುಂದಕ್ಕೆ ಕಳಿಸುವ ಬದಲು ಇದನ್ನು ಕಳಿಸಿ. ಯಾರದೋ ಮನೆಯ ನಾಯಿ ಬೀದಿ ಪಾಲಾಗುವುದು ತಪ್ಪಬಹುದು, ಯಾರದೋ ಮನೆಯ ಮಗು ಜೊಲ್ಲು ಸುರಿಸುವ ನಾಯಿಯ ಬಾಯಿಗೆ ಕೈ ಹಾಕುವುದೂ ತಪ್ಪಬಹುದು.